ಬಾಣಂತನದ ದಾರಿಯಲ್ಲಿ ಆಮ್‌ಸ್ಟರ್‌ಡ್ಯಾಮ್

ದಾವಣಗೆರೆಯಲ್ಲಿ ಮಗಳ ಬಾಣಂತನಕ್ಕೋ ಸೊಸೆಯ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿ ಬಂದವರು ಈಗ ಬೀದಿಗಿಷ್ಟು ಜನ ಸಿಗುತ್ತಾರೆ. ಎಲ್ಲರ ಕಥೆಯೂ ಹೆಚ್ಚುಕಮ್ಮಿ ಒಂದೇ. ನಡುವೆ ಯಾವುದೋ ಏರ್‌ಪೋರ್ಟಿನಲ್ಲಿ ನಾಲ್ಕೈದು ಗಂಟೆ ಕೂತು, ಮಕ್ಕಳು ಹೇಳಿಕೊಟ್ಟ ಗೇಟ್ ಬಿಟ್ಟು ಕದಲದೆ, ಕಟ್ಟಿಕೊಂಡು ಹೋದ ಚಪಾತಿ ತಿಂದು ಮುಂದಿನ ವಿಮಾನ ಹತ್ತುವುದು. ಮೊದಲ ಮೊಮ್ಮಗ ಹುಟ್ಟಿದಾಗ ನಾನೂ ಹಾಗೇ ಹೋಗಿದ್ದೆ. ಗಾಜಿನಾಚೆ ಒಂದು ಊರಿದೆ ಅಂತ ಗೊತ್ತು, ರನ್‌ವೇ ಬಿಟ್ಟರೆ ಏನೂ ಕಾಣಲ್ಲ. ಈ ಸಲ ನೆದರ್ಲೆಂಡ್ಸಿನ, ಅಂದರೆ ಡಚ್ಚರ ದೇಶದ, ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು, ಎರಡು ರಾತ್ರಿ ಒಬ್ಬಳೇ ಇದ್ದು, ಊರು ನೋಡಿಕೊಂಡೇ ಮುಂದೆ ಹೋದೆ. ಈಗ ಬಾಸ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಕೂಸು ಮಲಗಿದಾಗ ಇದನ್ನು ಬರೆಯುತ್ತಿದ್ದೇನೆ, ಯಾಕಂದ್ರೆ ಫೋನಿನಲ್ಲಿ ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ಸಾಕಾಗಿದೆ.

ಆಮ್‌ಸ್ಟರ್‌ಡ್ಯಾಮೇ ಯಾಕೆ ಅಂತ ಎಲ್ಲರೂ ಕೇಳಿದರು. ಒಂದು, ಬೆಂಗಳೂರಿಂದ ಅಲ್ಲಿಗೆ ನೇರ ವಿಮಾನ ಇದೆ, ಅಲ್ಲಿಂದ ಬಾಸ್ಟನ್ನಿಗೂ ನೇರ ಇದೆ. ಇನ್ನೊಂದು, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಫ್ರೆಂಚರು ಅಂತ ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು, 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಯಿತು ಅಂತ ಹೇಳಿ, ಡಚ್ಚರನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಪಠ್ಯದಲ್ಲಿ ಅಷ್ಟೇ ಇದ್ದಿದ್ದು. ಆ ಎರಡು ಸಾಲಿನವರ ಊರು ಹೇಗಿದೆ ಅನ್ನೋ ಕುತೂಹಲ ಒಳಗೇ ಉಳಿದಿತ್ತು.

ಮನೆಯಲ್ಲಿ ಮಾತು ಎತ್ತಿದಾಗ ನಮ್ಮ ಮನೆಯವರು ಪೇಪರಿಂದ ತಲೆ ಎತ್ತದೆ, "ಹೋಗಿ ಬಾ, ಆದ್ರೆ ನನ್ನ ಕೈಲಿ ಫಾರಂ ತುಂಬಿಸಬೇಡ" ಅಂದರು. ಬೀಗಿತ್ತಿಯವರು ಫೋನಿನಲ್ಲಿ, "ಬಾಣಂತನಕ್ಕೆ ಹೊಂಟೋರು ದಾರಿಯಾಗ ಊರು ನೋಡ್ತೀರಾ ಅಕ್ಕಾರೆ?" ಅಂತ ನಗುತ್ತಲೇ ಕೇಳಿದರು. ನಗು ಎಷ್ಟು, ಕೇಳಿದ್ದು ಎಷ್ಟು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗಳು ಮಾತ್ರ, "ಅಮ್ಮ, ಡೇಟಿಗೆ ಇನ್ನೂ ಮೂರು ವಾರ ಇರೋ ಹಾಗೆ ಬಾ, ಅಷ್ಟೇ ಸಾಕು" ಅಂದಳು.

ಎಲ್ಲರೂ ಎಡವುವ ಜಾಗ ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ವೀಸಾ ಇದ್ದರೆ ಯುರೋಪಿನಲ್ಲಿ ಇಳಿದು ಊರು ನೋಡಬಹುದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಏರ್‌ಪೋರ್ಟ್ ಒಳಗೇ ಇದ್ದು ವಿಮಾನ ಬದಲಿಸೋದಾದರೆ ಬೇರೆ ವೀಸಾ ಕೇಳಲ್ಲ. ಬಾಗಿಲು ದಾಟಿ ಹೊರಗೆ ಕಾಲಿಟ್ಟರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ ಬೇಕು, ಎರಡು ಗಂಟೆಗಾದರೂ ಅಷ್ಟೇ, ಎರಡು ವಾರಕ್ಕಾದರೂ ಅಷ್ಟೇ. ಅರ್ಜಿ, ದಾಖಲೆ, ಫೀಸು ಎಲ್ಲ ಪೂರ್ತಿ ಪ್ರವಾಸಕ್ಕೆ ಎಷ್ಟೋ ಅಷ್ಟೇ. ಎರಡು ದಿನಕ್ಕೆ ಅಷ್ಟೊಂದು ರಗಳೆ ಯಾಕೆ ಅನ್ನಿಸುವವರು ಇಲ್ಲೇ ನಿಂತುಬಿಡಿ, ತಪ್ಪೇನಿಲ್ಲ.

ಟಿಕೆಟ್ ಮೊದಲೋ ವೀಸಾ ಮೊದಲೋ ಅನ್ನೋದು ಇನ್ನೊಂದು ಗೊಂದಲ. ವೀಸಾ ಅರ್ಜಿಗೆ ವಿಮಾನದ ರಿಸರ್ವೇಶನ್ ತೋರಿಸಿದರೆ ಸಾಕು. ಆದರೆ ನನಗೆ ಬಾಸ್ಟನ್ನಿಗೆ ಹೇಗೂ ಹೋಗಲೇಬೇಕಿತ್ತು. ಆದ್ದರಿಂದ ದಿನ ಬದಲಿಸಲು ಅವಕಾಶ ಇರುವ ಟಿಕೆಟ್ ತೆಗೆಸಿದೆ. ವೀಸಾ ಬರದಿದ್ದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿಯದೆ ಮುಂದೆ ಹೋಗುವುದು ಅಂತ ಲೆಕ್ಕ. ಬುಕ್ ಮಾಡುವಾಗ ಹೋಗುವುದು-ಬರುವುದು ಅಂತ ಒತ್ತದೆ ಮಲ್ಟಿ ಸಿಟಿ ಅಂತ ಒತ್ತಬೇಕು. ಬೆಂಗಳೂರು–ಆಮ್‌ಸ್ಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್–ಬಾಸ್ಟನ್, ಆಮೇಲೆ ಬಾಸ್ಟನ್–ಬೆಂಗಳೂರು, ಎಲ್ಲ ಒಂದೇ ಟಿಕೆಟ್ಟಿನಲ್ಲಿ. ಬೇರೆ ಬೇರೆ ಟಿಕೆಟ್ ತೆಗೆದರೆ ಅಮೆರಿಕಕ್ಕೆ ಸಿಗುವ ಎರಡು ಬ್ಯಾಗಿನ ಲೆಕ್ಕ ಮೊದಲ ವಿಮಾನದಲ್ಲಿ ಸಿಗದೇ ಹೋಗಬಹುದು. ಅಶೋಕ ರಸ್ತೆಯ ಏಜೆಂಟ್ ಹುಡುಗ ಇದನ್ನು ತಾಳ್ಮೆಯಿಂದ ಮಾಡಿಕೊಟ್ಟ. ದರ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇನೂ ಭಾರ ಅನ್ನಿಸಲಿಲ್ಲ.

ಇಳಿಯುವುದು ಹೋಗುವಾಗಲೋ ಬರುವಾಗಲೋ? ಬರುವಾಗ ಅಂದರೆ ಆರಾಮ, ಮನಸ್ಸಿಗೂ ಹಗುರ. ಆದರೆ ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವ ಹಾಗಿಲ್ಲ. ಬಾಣಂತನದ ವಾಪಸಾತಿ ದಿನ ಅಂತೂ ದೇವರಿಗೇ ಗೊತ್ತು, ಮಗುವಿಗೆ ಜ್ವರ ಬಂದರೆ ಒಂದು ತಿಂಗಳು ಮುಂದೆ ಹೋಗುತ್ತದೆ. ಹಾಗಾಗಿ ಹೋಗುವಾಗಲೇ.

ಇನ್ನು ಹೆಸರು. ಇದೊಂದು ನನ್ನನ್ನು ಹೈರಾಣ ಮಾಡಿತು. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ಎಲ್ಲಿ ಹೇಗಿದೆ ಅಂತ ಒಮ್ಮೆ ಕೂತು ನೋಡಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್. ಪೆನ್ಷನ್ ಕಾಗದದಲ್ಲಿ ಗಂಡನ ಇನಿಷಿಯಲ್. ಬ್ಯಾಂಕಿನಲ್ಲಿ ಎರಡೂ ಇಲ್ಲ, ಬರೀ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಸರ್‌ನೇಮ್ ಜಾಗ ಖಾಲಿ. ಹಾಗೆ ಖಾಲಿ ಇದ್ದಿದ್ದಕ್ಕೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಫಸ್ಟ್ ನೇಮ್ ಅನ್‌ನೋನ್' (ಮೊದಲ ಹೆಸರು ಗೊತ್ತಿಲ್ಲ) ಅನ್ನೋದರ ಚಿಕ್ಕ ರೂಪ ಎಫ್‌ಎನ್‌ಯು ಅಂತ ಬಂದಿದೆ. ಟಿಕೆಟ್ಟೂ ಹಾಗೇ ಬಂತು. ಒಟ್ಟಿನಲ್ಲಿ ಒಂದೇ ಫೈಲಿನಲ್ಲಿ ನಾಲ್ಕು ಜನ ಹೆಂಗಸರು, ನಾಲ್ವರೂ ನಾನೇ.

ಬ್ಯಾಂಕಿಗೆ ಹೋಗಿ ಖಾತೆಯ ಹೆಸರು ಪಾಸ್‌ಪೋರ್ಟಿನಂತೆ ಮಾಡಿಕೊಡಿ ಅಂದರೆ, ಆಧಾರ್ ತಿದ್ದಿಸಿಕೊಂಡು ಬನ್ನಿ ಅಂದರು. ಆಧಾರ್ ತಿದ್ದಿಸಲು ಇನ್ನೊಂದು ದಾಖಲೆ ಬೇಕು. ಈ ಗಿರಗಿಟ್ಲೆಯಲ್ಲಿ ಒಂದಿಷ್ಟು ದಿನ ಹೋಯಿತು. ಕೊನೆಗೆ ಕೋರ್ಟಿನ ಹತ್ತಿರ ನೋಟರಿ ಒಬ್ಬರು, "ಮೇಡಂ, ಅದೆಲ್ಲ ತಿದ್ದಿಸೋಕೆ ಹೋಗ್ಬೇಡಿ. ಈ ಹೆಸರುಗಳೆಲ್ಲ ಒಬ್ಬರದ್ದೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡ್ಸಿ" ಅಂದರು. ಅದನ್ನು ಇಂಗ್ಲಿಷಿನಲ್ಲೇ ಮಾಡಿಸಿ, ಎಲ್ಲ ಹೆಸರನ್ನೂ ಅಕ್ಷರ ಬಿಡದೆ ಹಾಕಿಸಿ. ಬ್ಯಾಂಕ್ ಮ್ಯಾನೇಜರ್ ಹತ್ತಿರ ಲೆಟರ್‌ಹೆಡ್ಡಿನಲ್ಲಿ, ಈ ಖಾತೆ ಈ ಪಾಸ್‌ಪೋರ್ಟ್ ನಂಬರಿನವರದ್ದು ಅಂತ ಒಂದು ಪತ್ರ ತಗೊಳ್ಳಿ. ಸೀಲು, ಸಹಿ ಎರಡೂ ಇರಲಿ. ವೀಸಾ ಕೌಂಟರಿನಲ್ಲಿ ಪತ್ರವನ್ನು ಎರಡು ಸಲ ಓದಿದರು, ಅಫಿಡವಿಟ್ಟನ್ನು ಒಂದು ಸಲ ನೋಡಿ ಕೆಳಗೆ ಸೇರಿಸಿದರು.

ಉಳಿದ ದಾಖಲೆಗಳು: ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನಕ್ಕೆ ಇನ್ನೂ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಪೆನ್ಷನ್ ಆದೇಶದ ಪ್ರತಿ, ಐಟಿ ರಿಟರ್ನ್ಸ್. ಹೋಟೆಲ್ ಬುಕಿಂಗ್, ಕ್ಯಾನ್ಸಲ್ ಮಾಡಬಹುದಾದ್ದು. ಅಮೆರಿಕದ ವೀಸಾದ ಜೆರಾಕ್ಸ್, ಮುಂದಿನ ಟಿಕೆಟ್. ಇವುಗಳ ಮೇಲೆ ಒಂದು ಕವರಿಂಗ್ ಲೆಟರ್. ಬಾಸ್ಟನ್ನಿಗೆ ಹೋಗುವವಳು ನಡುವೆ ಎರಡು ರಾತ್ರಿ ಯಾಕೆ ಇಳಿಯುತ್ತಾಳೆ ಅನ್ನೋದು ಓದುವವರಿಗೆ ಬರುವ ಮೊದಲ ಅನುಮಾನ. ಅದಕ್ಕೆ ಅಲ್ಲೇ ಉತ್ತರ ಕೊಟ್ಟುಬಿಡಬೇಕು. ಇತಿಹಾಸ ಹೇಳಿಕೊಟ್ಟವಳು, ಈ ಈ ಮ್ಯೂಸಿಯಂ ನೋಡಬೇಕು, ಈ ದಿನ ಈ ವಿಮಾನದಲ್ಲಿ ಹೊರಡುತ್ತೇನೆ ಅಂತ ಒಂದೇ ಪುಟ. ತಂಗಿಯ ಮಗ ಟೈಪ್ ಮಾಡುವಾಗ ಇನ್ನೂ ಏನೇನೋ ಸೇರಿಸಲು ನೋಡಿದ, ಬೇಡ ಅಂದೆ.

ಇನ್ಶೂರೆನ್ಸ್ ವಿಷಯದಲ್ಲಿ ಹುಷಾರು. ಅಮೆರಿಕಕ್ಕೆ ಅಂತ ಮಾಡಿಸಿದ ಪಾಲಿಸಿ ಇದೆಯಲ್ಲ ಅಂತ ನಾನು ಅಂದುಕೊಂಡಿದ್ದೆ, ಏಜೆಂಟೂ ಹೂಂ ಅಂದಿದ್ದ. ಷೆಂಗೆನ್‌ನವರು ಕೇಳೋದು ಕನಿಷ್ಠ 30,000 ಯೂರೋ ಕವರ್, ಅದೂ ಷೆಂಗೆನ್ ದೇಶಗಳಿಗೆಲ್ಲ ಅನ್ವಯ ಅಂತ ಕಾಗದದಲ್ಲಿ ಬರೆದಿರಬೇಕು. ಹಳೆಯ ಪಾಲಿಸಿಯಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಆ ದಿನಗಳಿಗೆ ಮಾತ್ರ ಬೇರೆ ಚಿಕ್ಕ ಪಾಲಿಸಿ ಮಾಡಿಸಿದೆ. ಅರವತ್ತು ದಾಟಿದವರಿಗೆ ಪ್ರೀಮಿಯಂ ಜಾಸ್ತಿ, ಆದರೂ ಮೂರ್ನಾಲ್ಕು ದಿನಕ್ಕೆ ತೀರಾ ದೊಡ್ಡ ಮೊತ್ತ ಆಗಲ್ಲ.

ಫೋಟೋ 35 ಮತ್ತು 45 ಮಿಲಿಮೀಟರ್. ನಮ್ಮ ಸ್ಟುಡಿಯೋದ ಹುಡುಗ ಪ್ರೀತಿಯಿಂದ ನನ್ನನ್ನು ಬೆಳ್ಳಗೆ ಮಾಡಿ, ಕಣ್ಣ ಕೆಳಗಿನ ಕಪ್ಪು ಅಳಿಸಿ ಕೊಟ್ಟಿದ್ದ. ಮೊಮ್ಮಗುವಿನ ನಾಮಕರಣದ ಕಾರ್ಡಿಗಾದರೆ ಚೆನ್ನಾಗಿತ್ತು. ವೀಸಾಕ್ಕೆ ಮುಖ ಇದ್ದ ಹಾಗೇ ಇರಬೇಕು ಅಂತ ಹೇಳಿ ಮತ್ತೆ ತೆಗೆಸಿದೆ.

ಅಪಾಯಿಂಟ್‌ಮೆಂಟ್ ಸಿಗೋದು ಮಾತ್ರ ನಿಜವಾದ ತಪಸ್ಸು. ಬೇಸಿಗೆ ರಜಕ್ಕೆ ಹೋಗುವವರೆಲ್ಲ ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಬೀಳುತ್ತಾರೆ. ಬೆಳಗ್ಗೆ ಕಾಫಿ ಕುಡಿಯುವಾಗ, ಮಧ್ಯಾಹ್ನ ಊಟ ಆದ ಮೇಲೆ, ರಾತ್ರಿ ಬಾಗಿಲು ಹಾಕುವ ಮುಂಚೆ ಕ್ಯಾಲೆಂಡರ್ ತೆಗೆದು ನೋಡುವುದೇ ಕೆಲಸ ಆಯಿತು. ಎಲ್ಲ ಬೂದು ಬಣ್ಣ. ಯಾರೋ ಒಬ್ಬ ಫೋನ್ ಮಾಡಿ, ಇಷ್ಟು ಸಾವಿರ ಕೊಟ್ಟರೆ ಸ್ಲಾಟ್ ಕೊಡಿಸ್ತೀನಿ ಅಂದ. ಇಂಥವರಿಗೆ ನಂಬರ್ ಹೇಗೆ ಸಿಗುತ್ತೋ ಗೊತ್ತಿಲ್ಲ. ಕೊಡಬೇಡಿ. ಯಾರಾದರೂ ರದ್ದು ಮಾಡಿದ ದಿನಾಂಕ ಆಗಾಗ ತೆರೆಯುತ್ತದೆ, ನನಗೂ ಹಾಗೇ ಸಿಕ್ಕಿದ್ದು. ನೆದರ್ಲೆಂಡ್ಸ್ ಒಂದೇ ದೇಶಕ್ಕೆ ಹೋಗೋದಾದರೆ ಅವರಿಗೇ ಅರ್ಜಿ ಹಾಕಬೇಕು. ಬೇರೆ ದೇಶದ ಸ್ಲಾಟ್ ಖಾಲಿ ಇದೆ ಅಂತ ಅಲ್ಲಿ ಹಾಕಿದರೆ ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟಂತೆ.

ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದೆ. ತಂಗಿ ಮನೆ ಬಸವೇಶ್ವರನಗರದಲ್ಲಿ. ಸ್ನಾನ, ತಿಂಡಿ ಮುಗಿಸಿ ವೀಸಾ ಅರ್ಜಿ ಕೇಂದ್ರಕ್ಕೆ ಹೋದರೆ, ಒಳಗೆ ಫೋನ್ ಆಫ್, ಬ್ಯಾಗ್ ಹೊರಗೆ. ಕೌಂಟರಿನ ಹುಡುಗಿ ಟಿಕೆಟ್ ನೋಡಿ, "ಎಫ್‌ಎನ್‌ಯು ಯಾರು ಆಂಟಿ? ಜೊತೆಗೆ ಬರ್ತಿದಾರಾ?" ಅಂದಳು. ಪಕ್ಕದವರು ಹೇಳಿಕೊಟ್ಟ ಮೇಲೆ ಅವಳಿಗೇ ನಗು ಬಂತು. ಎಸ್ಸೆಮ್ಮೆಸ್ ಬೇಕಾ, ಕೊರಿಯರ್ ಬೇಕಾ, ಲಾಂಜಿನಲ್ಲಿ ಕೂರ್ತೀರಾ ಅಂತ ಒಂದೊಂದಕ್ಕೂ ಬೇರೆ ದುಡ್ಡು. ದಾವಣಗೆರೆಯಿಂದ ಮತ್ತೆ ಬರುವ ಬಸ್ ಚಾರ್ಜು, ಒಂದು ದಿನದ ಓಡಾಟ ಲೆಕ್ಕ ಹಾಕಿ ಕೊರಿಯರ್ ಒಂದಕ್ಕೆ ಹೂಂ ಅಂದೆ. ವೀಸಾ ಫೀಸು 90 ಯೂರೋ, 2024ರ ಜೂನ್‌ನಿಂದ ಇದೇ ದರ. ವೀಸಾ ಕೊಡದಿದ್ದರೂ ಇದು ವಾಪಸ್ ಬರಲ್ಲ.

ಬೆರಳಚ್ಚಿನ ಹತ್ತಿರ ಗಾಡಿ ನಿಂತಿತು. ಎಡಗೈ ನಾಲ್ಕು ಬೆರಳು ಇಟ್ಟೆ, ಕೆಂಪು ದೀಪ. ಒತ್ತಿ ಇಟ್ಟೆ, ಮತ್ತೆ ಕೆಂಪು. ಸೀಮೆಸುಣ್ಣ ಹಿಡಿದು, ಪಾತ್ರೆ ತಿಕ್ಕಿ ಸವೆದ ಬೆರಳು, ಗೆರೆಯೇ ಉಳಿದಿಲ್ಲ. ಹಿಂದೆ ನಿಂತವರು ಗಡಿಯಾರ ನೋಡುತ್ತಿದ್ದರು. ಒಳಗಿದ್ದ ಹೆಣ್ಣುಮಗಳು ಎದ್ದು ಬಂದು, ಒದ್ದೆ ಟಿಶ್ಯೂನಲ್ಲಿ ನನ್ನ ಬೆರಳನ್ನು ಒಂದೊಂದಾಗಿ ಒರೆಸಿ, ಒಣಗಲು ಬಿಟ್ಟು, ನನ್ನ ಕೈ ಮೇಲೆ ತನ್ನ ಕೈ ಇಟ್ಟು ಮೆಲ್ಲಗೆ ಒತ್ತಿದಳು. ಹೆಬ್ಬೆರಳು ಕೊನೆಗೆ ಬಂತು. ವಯಸ್ಸಾದವರು ಹೋಗುವ ಒಂದು ವಾರ ಮುಂಚಿನಿಂದ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಆ ದಿನ ಮಾತ್ರ ಹಚ್ಚಬೇಡಿ. ಇದು ಅವಳೇ ಹೇಳಿದ್ದು. ಒಮ್ಮೆ ಕೊಟ್ಟ ಅಚ್ಚು 59 ತಿಂಗಳು ನಡೆಯುತ್ತದೆ ಅನ್ನೋದು ಸಮಾಧಾನ.

ಆಮೇಲೆ ಕಾಯುವುದು. ನಿಯಮದ ಪ್ರಕಾರ 15 ದಿನ, ಹೆಚ್ಚಿನ ವಿಚಾರಣೆ ಇದ್ದರೆ 45 ದಿನದವರೆಗೂ ಹೋಗಬಹುದು. ಪಾಸ್‌ಪೋರ್ಟ್ ಅವರ ಹತ್ತಿರವೇ ಇರುತ್ತದೆ. ಅದರಲ್ಲೇ ಅಮೆರಿಕದ ವೀಸಾ ಇರೋದು, ಅದೇ ನನ್ನ ದೊಡ್ಡ ಹೆದರಿಕೆ. ಊರು ನೋಡುವ ಚಪಲಕ್ಕೆ ಬಾಣಂತನವೇ ತಪ್ಪಿಹೋದರೆ? ಮಗಳಿಗೆ ಡೇಟಿಗಿಂತ ಮುಂಚೆ ನೋವು ಬಂದರೆ? ರಾತ್ರಿ ಎಚ್ಚರ ಆದರೆ ಇದೇ ಯೋಚನೆ. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಆದರೆ ಕೊರಿಯರಿನವನ ಬೈಕ್ ಸದ್ದಾದರೆ ನನಗಿಂತ ಮೊದಲು ಗೇಟಿಗೆ ಹೋಗುತ್ತಿದ್ದರು. ನನ್ನ ಸಲಹೆ: ಹೆರಿಗೆ, ಮದುವೆಯಂಥ ತಪ್ಪಿಸಲಾಗದ ದಿನಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆ ಪಾಸ್‌ಪೋರ್ಟ್ ಕೈಬಿಡಿ, ಅದಕ್ಕಿಂತ ತಡ ಮಾಡಬೇಡಿ.

ಬಂತು. ಲಕೋಟೆ ಒಡೆದ ತಕ್ಷಣ ನೋಡಬೇಕಾದ್ದು ಹೆಸರು, ಪಾಸ್‌ಪೋರ್ಟ್ ನಂಬರ್, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಹೋಗಬಹುದು. ನನಗೆ ಒಂದೇ ಪ್ರವೇಶ. ಕೊಟ್ಟ ಅವಧಿ ಉದ್ದ ಕಂಡರೂ ಇರಬಹುದಾದ ದಿನ ಬೇರೆ ಅಂಕಣದಲ್ಲಿ ಇರುತ್ತದೆ, ಗುಣಿಸಿ ಭಾಗಿಸಿ ಮೋಸ ಹೋಗಬೇಡಿ.

ವೀಸಾಕ್ಕೆ ಕಾಯುತ್ತಿದ್ದಾಗಲೇ ಇನ್ನೊಂದು ಟಿಕೆಟ್ಟಿಗೆ ಹೋರಾಟ ನಡೆದಿತ್ತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಗೆ ಸಿಗದಂತೆ ಬಚ್ಚಿಟ್ಟುಕೊಂಡು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಗೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಪ್ರತಿ ಮಂಗಳವಾರ ಅಲ್ಲಿನ ಬೆಳಗ್ಗೆ ಹತ್ತಕ್ಕೆ, ಆರು ವಾರದ ನಂತರದ ದಿನಗಳಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ನಮಗದು ಮಧ್ಯಾಹ್ನ ಒಂದೂವರೆ, ಅವರ ಚಳಿಗಾಲದಲ್ಲಿ ಎರಡೂವರೆ. ಅನ್ನಕ್ಕೆ ಸಾರು ಹಾಕಿಕೊಂಡು, ಎಡಗೈಯಲ್ಲಿ ಫೋನ್ ಹಿಡಿದು ಕೂತೆ. ಸರದಿಯಲ್ಲಿ ನನ್ನ ಮುಂದೆ ಸಾವಿರಾರು ಜನ. ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಸಂಜೆಯ ಒಂದು ಹೊತ್ತು ಸಿಕ್ಕಿತು. ಪಾವತಿ ಮಾಡುವಾಗ ಕಾರ್ಡ್ ನಡೆಯಲಿಲ್ಲ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಮುಚ್ಚಿಯೇ ಇರುತ್ತದೆ, ಬ್ಯಾಂಕಿನ ಆಪ್‌ನಲ್ಲಿ ನಾವೇ ತೆರೆಯಬೇಕು. ತಂಗಿಯ ಮಗ ಬೆಂಗಳೂರಿಂದಲೇ ಫೋನಿನಲ್ಲಿ ಹೇಳಿ ಅದನ್ನು ಮಾಡಿಸಿದ, ಇನ್ನೆರಡು ನಿಮಿಷ ತಡವಾಗಿದ್ದರೆ ಟಿಕೆಟ್ ಕೈಬಿಡುತ್ತಿತ್ತು. ಆಪ್‌ನಲ್ಲಿ ಆನ್‌ಲೈನ್, ಅಂಗಡಿ, ಮುಟ್ಟಿಸಿ ಕೊಡುವುದು, ಮೂರನ್ನೂ ತೆರೆದಿಡಿ. ರುಪೇ ಕಾರ್ಡ್ ನೆಚ್ಚಿಕೊಂಡು ಹೋಗಬೇಡಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ಒಟಿಪಿ ನಮ್ಮ ನಂಬರಿಗೇ ಬರುವುದರಿಂದ ರೋಮಿಂಗ್ ಹಾಕಿಸಿಕೊಳ್ಳಿ.

ಹೋಟೆಲ್ ಹುಡುಕುವಾಗ ಮೊದಲು ಕಾಲುವೆ ಪಕ್ಕದ ಹಳೇ ಮನೆಗಳ ಮೇಲೇ ಕಣ್ಣು. ಫೋಟೋದಲ್ಲಿ ಚಂದ. ಆದರೆ ಆ ಮನೆಗಳು ಕಿರಿದು, ಎತ್ತರ. ಏಣಿಯಷ್ಟು ಕಡಿದಾದ ಮೆಟ್ಟಿಲು. ಬಹಳ ಕಡೆ ಲಿಫ್ಟ್ ಇಲ್ಲ. ಅಲ್ಲಿಯವರೇ ಮಂಚ, ಬೀರು ಸಾಗಿಸಲು ಮನೆಯ ತುದಿಯಲ್ಲಿ ತೊಲೆ, ಕೊಕ್ಕೆ ಇಟ್ಟು ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಳ್ಳುತ್ತಾರೆ. ನನ್ನ ಮಂಡಿಗೆ ಅದು ಆಗುವ ಮಾತಲ್ಲ. ಸ್ಲೋಟರ್‌ಡೈಕ್ ಅನ್ನೋ ಸ್ಟೇಷನ್ ಹತ್ತಿರ ಲಿಫ್ಟ್ ಇರುವ ಸಾಧಾರಣ ಹೋಟೆಲ್ ಹಿಡಿದೆ. ಏರ್‌ಪೋರ್ಟಿಂದ ನೇರ ರೈಲು, ಊರ ನಡುವಿಗೂ ಐದಾರು ನಿಮಿಷ. ದರ ನೋಡುವಾಗ ಒಂದು ಗಮನಿಸಿ: ಬಾಡಿಗೆ ಮೇಲೆ ಶೇ. 12.5 ಪ್ರವಾಸಿ ತೆರಿಗೆ ಇದೆ, ಕೆಲವು ಕಡೆ ಅದನ್ನು ಕೊನೆಯ ಪುಟದಲ್ಲಿ ತೋರಿಸುತ್ತಾರೆ.

ಬ್ಯಾಗ್ ಕಟ್ಟುವಾಗ ಗೊತ್ತಾದ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲ. 24 ಗಂಟೆಗಿಂತ ಜಾಸ್ತಿ ನಿಂತರೆ ಲಗೇಜ್ ಮುಂದಕ್ಕೆ ಹೋಗಲ್ಲ, ಅಲ್ಲೇ ಇಳಿಸಿಕೊಳ್ಳಬೇಕು. ಅಂದರೆ ನಮ್ಮ ಬ್ಯಾಗೂ ಯುರೋಪಿನ ಕಸ್ಟಮ್ಸ್ ದಾಟಬೇಕು. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಬಾಣಂತಿಗೆ ಅಂತ ಕಾಯಿಸಿಟ್ಟ ತುಪ್ಪ ಹೋಯಿತು. ದಾವಣಗೆರೆಯಿಂದ ಹೊರಟು ಬೆಣ್ಣೆ-ತುಪ್ಪ ಬಿಟ್ಟು ಹೋಗೋದು ಅಂದರೆ ಏನು ಹೇಳಲಿ. ಹಸಿ ಕರಿಬೇವೂ ಇಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಳವಿ, ಒಣಶುಂಠಿ, ಅಂಟು, ಬ್ಯಾಡಗಿ ಮೆಣಸಿನಕಾಯಿ ಪುಡಿ, ಇವುಗಳನ್ನು ಪ್ಯಾಕ್ ಮಾಡಿ ಹೆಸರು ಬರೆದು ಇಟ್ಟೆ. ಯಾರೂ ಬಿಚ್ಚಿಸಲಿಲ್ಲ.

ವಿಮಾನ ಇಳಿಯುವಾಗ ಕಿಟಕಿಯಿಂದ ಕಂಡದ್ದು ನೀರು, ಮಟ್ಟಸ ಹಸಿರು, ಗೆರೆ ಎಳೆದಂಥ ಕಾಲುವೆಗಳು. ಸ್ಕಿಪೋಲ್ ಏರ್‌ಪೋರ್ಟ್ ಇರುವ ಜಾಗ ಹಿಂದೆ ದೊಡ್ಡ ಕೆರೆ. 1852ರ ಹೊತ್ತಿಗೆ ಉಗಿಯಂತ್ರದ ಪಂಪು ಇಟ್ಟು ಅದನ್ನು ಬತ್ತಿಸಿದರು. ರನ್‌ವೇ ಈಗಲೂ ಸಮುದ್ರ ಮಟ್ಟಕ್ಕಿಂತ ಮೂರು ಮೀಟರಿಗೂ ಜಾಸ್ತಿ ತಗ್ಗಿನಲ್ಲಿದೆ. ಸೂಳೆಕೆರೆ ತುಂಬಿತಾ ಇಲ್ವಾ ಅಂತ ಪ್ರತಿ ಮಳೆಗಾಲ ಪೇಪರ್ ನೋಡುವ ಜಿಲ್ಲೆಯವಳಿಗೆ, ಕೆರೆ ಖಾಲಿ ಮಾಡಲು ಪಾಡುಪಟ್ಟವರ ದೇಶ ವಿಚಿತ್ರ ಅನ್ನಿಸಿತು.

ಇಮಿಗ್ರೇಶನ್ ಸಾಲು ಉದ್ದ ಇತ್ತು. ಈಗ ಮುದ್ರೆ ಒತ್ತುವ ಬದಲು ಕಂಪ್ಯೂಟರಿನಲ್ಲಿ ದಾಖಲು ಮಾಡುತ್ತಾರೆ, ಮುಖದ ಫೋಟೋ ತೆಗೆಯುತ್ತಾರೆ. 2025ರ ಅಕ್ಟೋಬರಿನಿಂದ ಶುರುವಾದ ಪದ್ಧತಿ. ಎಲ್ಲಿ ಉಳಿಯುತ್ತೀರಿ, ಯಾವಾಗ ಹೊರಡುತ್ತೀರಿ ಅಂತ ಕೇಳಿದ. ಹೋಟೆಲ್ ಕಾಗದ, ಬಾಸ್ಟನ್ ಟಿಕೆಟ್ ಎರಡೂ ಕೈಯಲ್ಲೇ ಇದ್ದವು. ಮೊಬೈಲಿನಲ್ಲಿದೆ ಅಂತ ನಂಬಬೇಡಿ, ಪ್ರಿಂಟ್ ಇರಲಿ. ದೊಡ್ಡ ಬ್ಯಾಗ್ ಎರಡನ್ನೂ ಅರೈವಲ್ಸ್ ಕೆಳಗಿನ ಅಂತಸ್ತಿನ ಲಾಕರಿನಲ್ಲಿ ಇಟ್ಟೆ, ಕಾರ್ಡಿನಲ್ಲಿ ಹಣ ಕಟ್ಟಿ ಚೀಟಿ ತಗೊಳ್ಳೋದು. ಒಂದು ಹೆಗಲ ಚೀಲ ಮಾತ್ರ ಇಟ್ಟುಕೊಂಡೆ. ರೈಲು ಸ್ಟೇಷನ್ ಅಲ್ಲೇ ಕೆಳಗಿದೆ. ಟಿಕೆಟ್ ಬೇಕಿಲ್ಲ, ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಿ ಒಳಗೆ ಹೋಗಿ, ಇಳಿದ ಮೇಲೆ ಅದೇ ಕಾರ್ಡನ್ನು ಮತ್ತೆ ಮುಟ್ಟಿಸಿ ಹೊರಗೆ ಬರಬೇಕು. ಎರಡನೆಯದನ್ನು ಮರೆತರೆ ಜಾಸ್ತಿ ಹಣ ಹಿಡಿಯುತ್ತಾರೆ. ಟ್ರಾಮಿಗೂ ಇದೇ.

ಮೊದಲ ಸಂಜೆ ಕಾಲು ನಡುಗಿತು, ಸುಳ್ಳು ಹೇಳಲ್ಲ. ಭಯ ಕಳ್ಳರದ್ದಲ್ಲ, ಸೈಕಲ್ಲಿನದ್ದು. ಕೆಂಪು ಬಣ್ಣದ ದಾರಿ ಸೈಕಲ್ಲಿನವರದ್ದು, ಅದರ ಮೇಲೆ ನಿಂತು ಫೋಟೋ ತೆಗೆದರೆ ಗಂಟೆ ಬಾರಿಸುತ್ತಾರೆ, ನಿಲ್ಲಿಸಲ್ಲ. ಮೊದಲು ಬಲಕ್ಕೆ ನೋಡಿ ದಾಟುವ ನಮ್ಮ ಅಭ್ಯಾಸ ಅಲ್ಲಿ ಉಲ್ಟಾ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಒಂಟಿ ಹೆಂಗಸಿಗೆ ಅದೊಂದು ದೊಡ್ಡ ಧೈರ್ಯ. ಗಾಳಿ ಮಾತ್ರ ಸ್ವೆಟರಿನೊಳಗೇ ನುಗ್ಗುತ್ತದೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ರೈಕ್ಸ್ ಮ್ಯೂಸಿಯಂ ಬಾಗಿಲು ತೆಗೆದಾಗ ಅಲ್ಲಿದ್ದೆ. ರೆಂಬ್ರಾಂಟನ 1642ರ ದೊಡ್ಡ ಚಿತ್ರದ ಮುಂದೆ ಜಾತ್ರೆ. ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಮುಂದೆ ಸ್ವಲ್ಪ ಜಾಗ ಸಿಕ್ಕಿತು. ಅಂಗಿಯ ತೋಳು ಮೇಲಕ್ಕೆ ಮಡಚಿ, ಧಾರೆಯ ಮೇಲೇ ಕಣ್ಣಿಟ್ಟು, ಯಾರು ನೋಡಿದರೆ ನನಗೇನು ಅನ್ನುವಂತೆ ನಿಂತಿದ್ದಾಳೆ. ಏಷ್ಯಾ ವಿಭಾಗದಲ್ಲಿ ಚೋಳರ ಕಾಲದ ಕಂಚಿನ ನಟರಾಜ ಇದ್ದಾನೆ, ಅಲ್ಲಿ ಆಗ ನಾನೂ ಕಾವಲುಗಾರನೂ ಇಬ್ಬರೇ. ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಹೋಗಿ ಸುಮ್ಮನಾದೆ.

ನಾನು ನೋಡಲೇಬೇಕು ಅಂದುಕೊಂಡಿದ್ದ ಜಾಗ ಟೂರಿಸ್ಟ್ ಪಟ್ಟಿಗಳಲ್ಲಿ ಕಡಿಮೆ ಕಾಣುತ್ತದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಳೇ ಕಚೇರಿ. 1606ರಲ್ಲಿ ಕಟ್ಟಲು ಶುರು ಮಾಡಿದ ಕೆಂಪು ಇಟ್ಟಿಗೆಯ ಕಟ್ಟಡ, ಈಗ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಂಗಳಕ್ಕೆ ಹೋಗಲು ಯಾರೂ ತಡೆಯಲಿಲ್ಲ. ಮೆಣಸು, ಜಾಕಾಯಿಯ ದರ ಕೂತು ತೀರ್ಮಾನ ಮಾಡುತ್ತಿದ್ದ ಜಾಗದಲ್ಲಿ ಹುಡುಗರು ಸೈಕಲ್ ಒರಗಿಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಕಲ್ಲಿನ ಕಟ್ಟೆ ಮೇಲೆ ಕೂತು ನನ್ನ ಹಳೆಯ ಸಹೋದ್ಯೋಗಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಇನ್ನೂ ಸರ್ವೀಸಿನಲ್ಲಿದ್ದಾರೆ. "ಎರಡು ಸಾಲಿನೋರ ಮನೆ ಇದೇನಾ?" ಅಂದರು.

ಊಟದ ಚಿಂತೆ ಇದ್ದವರಿಗೆ: ಸುರಿನಾಮಿಗಳ ರೊಟ್ಟಿ ಅಂಗಡಿ ಹುಡುಕಿ. 1873ರಿಂದ ಡಚ್ಚರು ಬಿಹಾರ, ಉತ್ತರ ಪ್ರದೇಶದ ಕಡೆಯ ಕೂಲಿಗಳನ್ನು ಕರಾರು ಬರೆಸಿಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಸಾಗಿಸಿದರು. 1975ರಲ್ಲಿ ಆ ದೇಶ ಸ್ವತಂತ್ರವಾಗುವ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳು ಬಹಳ ಜನ ನೆದರ್ಲೆಂಡ್ಸಿಗೆ ಬಂದರು. ಬೇಳೆಪುಡಿ ತುಂಬಿದ ಮೆತ್ತನೆಯ ರೊಟ್ಟಿ, ಖಾರದ ಹೋಳಿಗೆಯ ಹಾಗೆ. ಜೊತೆಗೆ ಆಲೂಗಡ್ಡೆ ಪಲ್ಯ, ಉದ್ದ ಅಲಸಂದೆಕಾಯಿ. ಮಾಂಸ, ಮೊಟ್ಟೆ ಬೇಡ ಅಂತ ಮೊದಲೇ ಹೇಳಬೇಕು. ಅಂಗಡಿಯ ಹೆಂಗಸು ನನ್ನ ಕುಂಕುಮ ನೋಡಿ ಹಿಂದಿಯಂಥದ್ದೇ ಮಾತಿನಲ್ಲಿ ಏನೋ ಕೇಳಿದಳು. ಅರ್ಧ ಅರ್ಥ ಆಯಿತು. ನನ್ನ ಹಿಂದಿಯೂ ಅರ್ಧವೇ. ಬೆಲೆ ಕೊಡಲು ನೋಟು ತೆಗೆದರೆ ಕಾರ್ಡ್ ಮಾತ್ರ ಅಂದಳು. ಆ ಊರಿನಲ್ಲಿ ನೋಟು ತಗೊಳ್ಳದ ಅಂಗಡಿ ತುಂಬಾ. ಶೌಚಾಲಯಕ್ಕೂ ಬಹಳ ಕಡೆ ದುಡ್ಡು, ಮ್ಯೂಸಿಯಂನಲ್ಲೇ ಮುಗಿಸಿಕೊಳ್ಳಿ.

ಸಂಜೆ ಆನ್ ಫ್ರಾಂಕ್ ಮನೆ. ಪ್ರಿನ್ಸೆನ್‌ಗ್ರಾಖ್ಟ್ 263. ಫೋಟೋ ತೆಗೆಯುವ ಹಾಗಿಲ್ಲ, ದೊಡ್ಡ ಚೀಲ ಬಿಡಲ್ಲ. ಪುಸ್ತಕದ ಕಪಾಟಿನ ಹಿಂದಿನ ಮೆಟ್ಟಿಲು ಹತ್ತಬೇಕು, ಮಂಡಿ ನೋವಿನವರು ಕಂಬಿ ಹಿಡಿದು ನಿಧಾನ ಹತ್ತಿ. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಎಂಟು ಜನ ಅಲ್ಲಿ ಬಚ್ಚಿಟ್ಟುಕೊಂಡಿದ್ದರು. ಉಳಿದು ಬಂದವನು ಅಪ್ಪ ಒಬ್ಬನೇ. ಕೋಣೆಗಳು ಖಾಲಿ, ಸಾಮಾನು ಯಾವುದೂ ಇಲ್ಲ. ಗೋಡೆಯ ಮೇಲೆ ಮಕ್ಕಳ ಎತ್ತರ ಬೆಳೆದಂತೆ ಹಾಕಿದ ಪೆನ್ಸಿಲ್ ಗೆರೆಗಳಿವೆ. ಆನ್‌ಳ ಗೆರೆ ಆ ಎರಡು ವರ್ಷದಲ್ಲಿ ಎಷ್ಟೊಂದು ಮೇಲೆ ಹೋಗಿದೆ. ಹದಿಮೂರು, ಹದಿನಾಲ್ಕು, ಹದಿನೈದು. ನನ್ನ ಕ್ಲಾಸಿನ ಮಕ್ಕಳ ವಯಸ್ಸೇ. ಹೊರಗೆ ಬಂದ ಮೇಲೆ ತುಂಬಾ ಹೊತ್ತು ಯಾರಿಗೂ ಫೋನ್ ಮಾಡಲಿಲ್ಲ.

ಹೊರಡುವ ದಿನ ಬೇಗ ಹೋಗಿ. ಲಾಕರಿಂದ ಬ್ಯಾಗ್ ತೆಗೆದು ಮತ್ತೆ ಚೆಕ್ ಇನ್ ಮಾಡಬೇಕು, ಅಮೆರಿಕದ ವಿಮಾನಕ್ಕೆ ಬೇರೆ ಪ್ರಶ್ನೆ ಕೇಳುತ್ತಾರೆ. ಬ್ಯಾಗ್ ಯಾರು ಕಟ್ಟಿದ್ದು, ಎಲ್ಲಿಟ್ಟಿದ್ದಿರಿ, ಯಾರಾದರೂ ಏನಾದರೂ ಕೊಟ್ಟರಾ ಅಂತ. ಲಾಕರಿನ ಚೀಟಿ ತೋರಿಸಿದೆ. ಇಲ್ಲಿ ಯಾಕೆ ಇಳಿದಿರಿ ಅಂದಾಗ ಮ್ಯೂಸಿಯಂ ಟಿಕೆಟ್‌ಗಳನ್ನು ಅವರ ಮುಂದೆ ಇಟ್ಟೆ.

ಒಟ್ಟು ಎಷ್ಟಾಯಿತು ಅಂತ ಎಲ್ಲರ ಕೊನೆಯ ಪ್ರಶ್ನೆ. ಯೂರೋಗೆ ನೂರು ರೂಪಾಯಿ ಮೇಲೆ ಲೆಕ್ಕ ಹಾಕಿ. ವೀಸಾ ಫೀಸು, ಸರ್ವೀಸ್ ಚಾರ್ಜು, ಇನ್ಶೂರೆನ್ಸ್, ಬೆಂಗಳೂರು ಓಡಾಟ, ಟಿಕೆಟ್ಟಿನ ಹೆಚ್ಚುವರಿ, ಹೋಟೆಲ್, ಲಾಕರ್, ಮ್ಯೂಸಿಯಂ, ಊಟ ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಹತ್ತಿರ ಬಂತು. ಅರ್ಧದಷ್ಟು ಹೋಟೆಲಿಗೇ. ಬರುವಾಗ ಅದೇ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸುತ್ತೇನೆ, ಒಂದು ಪ್ರವೇಶ ಮುಗಿದಿರುವುದರಿಂದ ಹೊರಗೆ ಹೋಗುವಂತಿಲ್ಲ, ಬ್ಯಾಗ್ ನೇರ ಬೆಂಗಳೂರಿಗೆ.

ಫೈಲ್ ದಾವಣಗೆರೆಯಲ್ಲಿ ನಮ್ಮ ಮನೆಯವರ ಹತ್ತಿರ ಇದೆ, ಗೊತ್ತಿದ್ದವರು ಹೋಗಿ ನೋಡಬಹುದು. ಕವರಿಂಗ್ ಲೆಟರ್, ಅಫಿಡವಿಟ್ ಜೆರಾಕ್ಸ್ ಮಾಡಿಸಿಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಬಿಡಿ, ಅದರಲ್ಲಿ ನನ್ನ ಪೆನ್ಷನ್ ಎಷ್ಟು ಅಂತ ಇದೆ.